ಗಾಜಿನ ಚಿತ್ರದಿಂದ ಮೊಬೈಲ್‌ವರೆಗೆ: ಸ್ಲೈಡ್‌ಶೋ ನಡೆದು ಬಂದ ದಾರಿ

ಮದುವೆ ಮಂಟಪದ ಎಲ್‌ಇಡಿ ಪರದೆಯ ಮೇಲೆ ಹುಡುಗ ಹುಡುಗಿಯ ಬಾಲ್ಯದ ಫೋಟೋಗಳು ಒಂದರ ಹಿಂದೊಂದು ಬರುತ್ತವೆ. ಮೇಷ್ಟ್ರ ನಿವೃತ್ತಿ ಸಮಾರಂಭದಲ್ಲೂ ಅದೇ, ಜಾತ್ರೆಯ ಮರುದಿನ ವಾಟ್ಸಾಪ್ ಗ್ರೂಪಿನಲ್ಲೂ ಅದೇ. ಮನೆಯ ಹಿರಿಯರು ತೀರಿಕೊಂಡಾಗ ಸ್ಟೇಟಸ್‌ಗೆ ಹಾಕುವುದೂ ಅದನ್ನೇ. ಪ್ರತಿ ಊರಲ್ಲೂ ಇದನ್ನು ಮಾಡಿಕೊಡುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. "ನಂಗೂ ಸ್ವಲ್ಪ ಹೇಳಿಕೊಡೋ" ಎಂದು ಅವರ ಹಿಂದೆ ನಾಲ್ಕು ಜನ ಇರುತ್ತಾರೆ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಚಿತ್ರಗಳನ್ನು ಸಾಲಾಗಿ ಪರದೆಯ ಮೇಲೆ ಬಿಟ್ಟು ಕಥೆ ಹೇಳುವ ಕೆಲಸಕ್ಕೆ 360 ವರ್ಷಗಳಿಗೂ ಹೆಚ್ಚಿನ ಚರಿತ್ರೆ ಇದೆ. ಆ ಚರಿತ್ರೆ ಓದಿದರೆ ಎರಡು ಮಾತು ಸ್ಪಷ್ಟವಾಗುತ್ತವೆ. ಒಂದು, ಯಂತ್ರ ಎಷ್ಟು ಸಲ ಬದಲಾದರೂ ಕಥೆ ಹೇಳುವವರು ಬೇಕೇ ಬೇಕು. ಎರಡು, ಈ ವಿದ್ಯೆ ಒಬ್ಬರಿಂದ ಒಬ್ಬರಿಗೆ ಕೇಳಿ, ಹೇಳಿಯೇ ಬೆಳೆದಿದೆ.

ಮಾಯಾದೀಪದ ಕಾಲ

1659ರಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ ಒಂದು ಕಾಗದದ ಮೇಲೆ ಅಸ್ಥಿಪಂಜರದ ಚಿತ್ರಗಳನ್ನು ಬರೆದರು. ಒಂದರಲ್ಲಿ ಅದು ತನ್ನ ತಲೆಬುರುಡೆಯನ್ನು ತಾನೇ ಕೈಯಿಂದ ತೆಗೆಯುತ್ತದೆ. ಗಾಜಿನ ಮೇಲೆ ಬರೆದ ಇಂಥ ಚಿತ್ರದ ಹಿಂದೆ ದೀಪ, ಮುಂದೆ ಮಸೂರ ಇಟ್ಟರೆ ಗೋಡೆಯ ಮೇಲೆ ದೊಡ್ಡ ಚಿತ್ರ ಮೂಡುತ್ತದೆ. ಇದೇ ಮ್ಯಾಜಿಕ್ ಲ್ಯಾಂಟರ್ನ್, ಅಂದರೆ ಮಾಯಾದೀಪ.

ಹೈಗನ್ಸ್‌ಗೆ ಇದು ಮಕ್ಕಳಾಟಿಕೆ ಅನಿಸಿತ್ತು. ಅವರ ತಂದೆ ಮಾತ್ರ ಫ್ರಾನ್ಸಿನ ಅರಮನೆಯಲ್ಲಿ ತೋರಿಸಲು ಒಂದು ಬೇಕೇ ಬೇಕು ಎಂದರು. 1662ರಲ್ಲಿ ಹೈಗನ್ಸ್ ತಮ್ಮನಿಗೆ ಕಾಗದ ಬರೆದು, ಅದರಿಂದ ಒಂದು ಮಸೂರ ತೆಗೆದುಬಿಡು, ಕೆಲಸ ಮಾಡದಿರಲಿ ಎಂದು ತಿಳಿಸಿದರು. ಇಂಥದ್ದರಿಂದ ತನ್ನ ಹೆಸರು ಕೆಡುತ್ತದೆ ಎಂಬ ಭಯ ಅವರಿಗೆ! ಅವರು ಬೇಡ ಅಂದರೂ ದೀಪ ನಿಲ್ಲಲಿಲ್ಲ, ಯುರೋಪಿನ ಊರೂರಿಗೆ ಹೋಯಿತು.

ಬೆಳಕಿನಿಂದ ಕಥೆ ಹೇಳುವುದು ನಮಗೇನೂ ಹೊಸದಾಗಿರಲಿಲ್ಲ. ನಮ್ಮಲ್ಲಿ ತೊಗಲುಗೊಂಬೆಯಾಟ ಇತ್ತು. ಬಿಳಿ ಪರದೆ, ಹಿಂದೆ ದೀಪ, ಬಣ್ಣದ ತೊಗಲು, ಜೊತೆಗೆ ಮಾತು ಮತ್ತು ಹಾಡು. ಅದಕ್ಕೇ ಇರಬೇಕು, ಮಾಯಾದೀಪ ಭಾರತಕ್ಕೆ ಬಂದಾಗ ನಮ್ಮ ಜನಕ್ಕೆ ಬೇಗ ಒಗ್ಗಿತು. ಮುಂಬೈ ಹತ್ತಿರದ ಕಲ್ಯಾಣದಲ್ಲಿ ಮಹಾದೇವ ಗೋಪಾಳ ಪಟವರ್ಧನ್ ಮತ್ತು ಅವರ ಮಕ್ಕಳು 1890ರ ದಶಕದಲ್ಲಿ 'ಶಾಂಬರಿಕ ಖರೋಲಿಕಾ' ಎಂಬ ಆಟ ನಡೆಸುತ್ತಿದ್ದರು. ಗಾಜಿನ ಮೇಲೆ ಕೈಯಿಂದ ಬಣ್ಣ ಹಚ್ಚಿದ ಪುರಾಣದ ಚಿತ್ರಗಳು, ಜೊತೆಗೆ ಕಥೆ ಹೇಳುವವರ ದನಿ. ನಮ್ಮ ದೇಶದಲ್ಲಿ ಸಿನಿಮಾ ತಯಾರಾಗುವ ಮೊದಲೇ ನಡೆದ ಸ್ಲೈಡ್‌ಶೋ ಇದು.

ಗಾಜಿನ ಮೂಲೆಯ ಬಿಳಿ ಚುಕ್ಕೆ

1850ರ ಹೊತ್ತಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲ್ಯಾಂಗನ್‌ಹೈಮ್ ಸಹೋದರರು ಗಾಜಿನ ಮೇಲೆ ಫೋಟೋವನ್ನೇ ಮೂಡಿಸುವ ವಿಧಾನ ಕಂಡುಕೊಂಡರು. ಅಲ್ಲಿಂದ ಮುಂದೆ ಬರೆದ ಚಿತ್ರದ ಜೊತೆಗೆ ನಿಜವಾದ ಫೋಟೋಗಳೂ ಪರದೆಗೆ ಬಂದವು.

ತೋರಿಸುವುದು ಸುಲಭದ ಕೆಲಸವಾಗಿರಲಿಲ್ಲ. ಸ್ಲೈಡನ್ನು ತಲೆಕೆಳಗಾಗಿ ಹಾಕಿದರೆ ಮಾತ್ರ ಪರದೆಯಲ್ಲಿ ನೆಟ್ಟಗೆ ಕಾಣುತ್ತದೆ. ಕತ್ತಲಲ್ಲಿ ತಪ್ಪಬಾರದೆಂದು ಗಾಜಿನ ಅಂಚಿನಲ್ಲಿ ಬಿಳಿ ಚುಕ್ಕೆ ಅಂಟಿಸುತ್ತಿದ್ದರು. ಚುಕ್ಕೆ ಹೆಬ್ಬೆರಳಿಗೆ ಬಂದರೆ ಸ್ಲೈಡ್ ಸರಿಯಾಗಿದೆ ಎಂದರ್ಥ. ಚಳಿಗೆ ಗಾಜಿನ ಮೇಲೆ ಮಂಜು ಕಟ್ಟದಂತೆ ಮೊದಲೇ ಅದನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಇಂಥ ಉಪಾಯಗಳನ್ನು ಒಬ್ಬರಿಂದೊಬ್ಬರು ಕೇಳಿ ಕಲಿಯುತ್ತಿದ್ದರು. 1889ರಲ್ಲಿ ಲಂಡನ್‌ನಲ್ಲಿ ಮಾಯಾದೀಪದವರಿಗೆಂದೇ 'ಆಪ್ಟಿಕಲ್ ಮ್ಯಾಜಿಕ್ ಲ್ಯಾಂಟರ್ನ್ ಜರ್ನಲ್' ಎಂಬ ಪತ್ರಿಕೆ ಶುರುವಾಯಿತು.

ಆ ಬಿಳಿ ಚುಕ್ಕೆಯ ಕೆಲಸವನ್ನು ಇವತ್ತು ಮಾಡುವುದು ಫೋಟೋದ ಹೆಸರು. ಫೈಲುಗಳಿಗೆ 01, 02, 03 ಎಂದು ಕ್ರಮವಾಗಿ ಹೆಸರು ಕೊಟ್ಟು ಒಂದೇ ಫೋಲ್ಡರಿಗೆ ಹಾಕಿಟ್ಟುಕೊಂಡರೆ, ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ಮದುವೆಯ ಫೋಟೋ ನಾಮಕರಣದ ಹಿಂದೆ ಹೋಗುವುದಿಲ್ಲ.

ಒಬ್ಬ ವರದಿಗಾರನ ಸ್ಲೈಡ್‌ಶೋ

ಪತ್ರಿಕೋದ್ಯಮ ಓದಿದ ನಮಗೆ ಈ ಚರಿತ್ರೆಯಲ್ಲಿ ಬಹಳ ಹತ್ತಿರದವರು ಜೇಕಬ್ ರೀಸ್. ಡೆನ್ಮಾರ್ಕ್‌ನಿಂದ ನ್ಯೂಯಾರ್ಕಿಗೆ ವಲಸೆ ಬಂದ ಬಡವ, ಆಮೇಲೆ ಪೊಲೀಸ್ ಸುದ್ದಿಯ ವರದಿಗಾರ. ಬಡವರು ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಕುರಿಗಳ ಹಾಗೆ ತುಂಬಿಕೊಂಡಿರುವುದನ್ನು ಎಷ್ಟು ಬರೆದರೂ ಓದುವವರಿಗೆ ನಾಟುತ್ತಿರಲಿಲ್ಲ. ಫೋಟೋ ತೆಗೆಯೋಣವೆಂದರೆ ಆ ಕೋಣೆಗಳಲ್ಲಿ ಬೆಳಕೇ ಇಲ್ಲ.

1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಪುಡಿ ಹೊತ್ತಿಸಿ ಕತ್ತಲಲ್ಲೂ ಫೋಟೋ ತೆಗೆಯುತ್ತಾರೆಂಬ ಸುದ್ದಿ ಓದಿದರು. ರೀಸ್‌ಗೆ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ. ಹವ್ಯಾಸಿ ಛಾಯಾಗ್ರಾಹಕರಾದ ಹೆನ್ರಿ ಪಿಫಾರ್ಡ್ ಮತ್ತು ರಿಚರ್ಡ್ ಲಾರೆನ್ಸ್ ಅವರ ನೆರವು ಕೇಳಿದರು. ಅವರು ರಾತ್ರಿ ಹೊತ್ತು ಜೊತೆಗೆ ಬಂದು ಫೋಟೋ ತೆಗೆದುಕೊಟ್ಟರು. ಆಮೇಲೆ ರೀಸ್ ತಾವೇ ಕಲಿತರು. ಬಾಣಲೆಯಲ್ಲಿ ಪುಡಿ ಇಟ್ಟು ಹೊತ್ತಿಸುತ್ತಿದ್ದರು. ಒಮ್ಮೆ ಕೋಣೆಗೆ ಬೆಂಕಿ ತಗುಲಿ, ಅದನ್ನು ತಾವೇ ಆರಿಸಬೇಕಾಯಿತು.

1888ರ ಜನವರಿ 25ರಂದು ನ್ಯೂಯಾರ್ಕಿನ ಹವ್ಯಾಸಿ ಛಾಯಾಗ್ರಾಹಕರ ಸಂಘದಲ್ಲಿ ಈ ಫೋಟೋಗಳನ್ನು ಮಾಯಾದೀಪದಲ್ಲಿ ತೋರಿಸುತ್ತಾ ಮಾತಾಡಿದರು. ಬೇರೆ ಕಡೆಗಳಲ್ಲೂ ತೋರಿಸುತ್ತಾ ಹೋದರು. ಅದರಿಂದ ಪತ್ರಿಕೆಯ ಲೇಖನ, 1890ರಲ್ಲಿ 'ಹೌ ದಿ ಅದರ್ ಹಾಫ್ ಲಿವ್ಸ್' ಪುಸ್ತಕ ಬಂದವು. ರೀಸ್ ಮತ್ತು ಇತರರ ವರ್ಷಗಳ ಒತ್ತಾಯದ ಫಲವಾಗಿ 1901ರಲ್ಲಿ ನ್ಯೂಯಾರ್ಕಿನಲ್ಲಿ ಬಾಡಿಗೆ ವಠಾರಗಳಿಗೆ ಗಾಳಿ, ಬೆಳಕು, ಶೌಚಾಲಯ ಇರಲೇಬೇಕೆಂಬ ಕಾನೂನು ಬಂತು.

ಇದರಲ್ಲಿ ಇನ್ನೊಂದು ಪಾಠವೂ ಇದೆ. ಮಲಗಿದ್ದವರ ಕೋಣೆಗೆ ನಡುರಾತ್ರಿ ನುಗ್ಗಿ, ಕೇಳದೆ ಫೋಟೋ ತೆಗೆದದ್ದು ಸರಿಯೇ ಎಂದು ಇವತ್ತಿಗೂ ಜನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಿಮ್ಮ ಊರಿನ ಬರ, ಕೆರೆ, ಕೂಲಿಯವರ ಮೇಲೆ ಸ್ಲೈಡ್‌ಶೋ ಮಾಡುವುದಾದರೆ ಮೊದಲು ಕೇಳಿ. ಮಾಡಿದ ಮೇಲೆ ಅವರಿಗೇ ಮೊದಲು ತೋರಿಸಿ.

ಟೆಂಟ್‌ನಿಂದ ಡ್ರಾಯಿಂಗ್ ರೂಮಿಗೆ

ನಮ್ಮಲ್ಲಿ ಗಾಜಿನ ಸ್ಲೈಡ್ ಬಹುಕಾಲ ಬದುಕಿದ್ದು ಟೆಂಟ್ ಸಿನಿಮಾ ಮತ್ತು ಟಾಕೀಸುಗಳಲ್ಲಿ. ಸಿನಿಮಾ ಶುರುವಾಗುವ ಮುಂಚೆ ಬಟ್ಟೆ ಅಂಗಡಿ, ಬೀಜ ಗೊಬ್ಬರದ ಅಂಗಡಿ, ಸೋಡಾ ಫ್ಯಾಕ್ಟರಿಯ ಜಾಹೀರಾತು, ನಡುವೆ 'ವಿಶ್ರಾಂತಿ' ಎಂಬ ಸ್ಲೈಡ್. ಐವತ್ತು ದಾಟಿದ ಓದುಗರಿಗೆ ಇದು ನೆನಪಿರುತ್ತದೆ. ಕೃಷಿ ತರಬೇತಿ, ಆರೋಗ್ಯ ಪ್ರಚಾರಗಳಲ್ಲೂ ಸ್ಲೈಡ್ ಪ್ರೊಜೆಕ್ಟರ್ ಬಳಕೆಯಲ್ಲಿತ್ತು.

ಅತ್ತ ಅಮೆರಿಕದಲ್ಲಿ ಕೊಡಾಕ್ ಕಂಪನಿ 1935ರಲ್ಲಿ ಕೊಡಾಕ್ರೋಮ್ ಎಂಬ ಬಣ್ಣದ ಫಿಲಂ ತಂದಿತು. ಭಾರದ ಗಾಜು ಹೋಗಿ ಎರಡಿಂಚಿನ ಚೌಕಟ್ಟಿನ ಪುಟ್ಟ ಸ್ಲೈಡ್ ಬಂತು. 1961ರಲ್ಲಿ ಅದೇ ಕಂಪನಿಯ ಕ್ಯಾರೊಸೆಲ್ ಪ್ರೊಜೆಕ್ಟರ್ ಬಂತು. ದುಂಡನೆಯ ತಟ್ಟೆಯಲ್ಲಿ 80 ಸ್ಲೈಡ್ ಜೋಡಿಸಿ ಗುಂಡಿ ಒತ್ತಿದರೆ ಒಂದೊಂದೇ ಬೀಳುತ್ತದೆ. ಪ್ರವಾಸ ಹೋಗಿ ಬಂದವರು ನೆಂಟರನ್ನು ಕೂರಿಸಿಕೊಂಡು 80 ಸ್ಲೈಡನ್ನೂ ತೋರಿಸುತ್ತಿದ್ದರು. ನೋಡುವವರಿಗೆ ಆಕಳಿಕೆ ಬರುತ್ತಿತ್ತು. ಅಮೆರಿಕದಲ್ಲಿ ಅದೊಂದು ದೊಡ್ಡ ತಮಾಷೆಯೇ ಆಗಿತ್ತು.

ಈ ಆಕಳಿಕೆ ಇವತ್ತೂ ಹೋಗಿಲ್ಲ. ಫೋಟೋ 200 ಇವೆ ಎಂದು 200ನ್ನೂ ಹಾಕಬೇಡಿ. ಒಂದು ಹಾಡಿನ ಅಳತೆಗೆ, ಅಂದರೆ ನಾಲ್ಕು ನಿಮಿಷಕ್ಕೆ, ನಲವತ್ತರಿಂದ ಐವತ್ತು ಫೋಟೋ ಸಾಕು. ಒಂದೊಂದಕ್ಕೆ ಐದು ಸೆಕೆಂಡ್ ಸಿಗುತ್ತದೆ. ಗುಂಪಿನ ಫೋಟೋಗೆ ಇನ್ನೆರಡು ಸೆಕೆಂಡ್ ಹೆಚ್ಚು ಕೊಡಿ, ಜನ ಅದರಲ್ಲಿ ತಮ್ಮ ಮುಖ ಹುಡುಕುತ್ತಾರೆ.

ನಿಂತ ಫೋಟೋ ಚಲಿಸಿದ್ದು

ಮೊಬೈಲಿನಲ್ಲಿ ಸ್ಲೈಡ್‌ಶೋ ಮಾಡಿದಾಗ ಫೋಟೋ ನಿಧಾನವಾಗಿ ಹತ್ತಿರ ಬರುವುದು, ಪಕ್ಕಕ್ಕೆ ಸರಿಯುವುದು ನೋಡಿದ್ದೀರಿ. ಕೆನಡಾದಲ್ಲಿ 1957ರಲ್ಲಿ ಬಂದ 'ಸಿಟಿ ಆಫ್ ಗೋಲ್ಡ್' ಎಂಬ ಸಾಕ್ಷ್ಯಚಿತ್ರದಲ್ಲಿ ಹಳೆಯ ಫೋಟೋಗಳ ಮೇಲೆ ಕ್ಯಾಮೆರಾ ಹೀಗೆ ಹರಿದಾಡಿತ್ತು. ಅದರಿಂದ ಕಲಿತ ಅಮೆರಿಕದ ಕೆನ್ ಬರ್ನ್ಸ್ 1990ರಲ್ಲಿ 'ದಿ ಸಿವಿಲ್ ವಾರ್' ಎಂಬ ಟಿವಿ ಸರಣಿ ಮಾಡಿದರು. 1861ರಿಂದ 1865ರವರೆಗೆ ನಡೆದ ಆ ಯುದ್ಧದ ಕಾಲದಲ್ಲಿ ಸಿನಿಮಾ ಇರಲಿಲ್ಲ, ಬರೀ ಫೋಟೋಗಳು. ಅವುಗಳ ಮೇಲೆ ಕ್ಯಾಮೆರಾ ನಡೆಸಿ, ಸೈನಿಕರ ಕಾಗದಗಳನ್ನು ಓದಿಸಿ ಕಥೆ ಹೇಳಿದರು. 2003ರಲ್ಲಿ ಆ್ಯಪಲ್ ಕಂಪನಿ ತನ್ನ ಐಮೂವಿ ತಂತ್ರಾಂಶದಲ್ಲಿ ಈ ಚಲನೆಗೆ 'ಕೆನ್ ಬರ್ನ್ಸ್ ಎಫೆಕ್ಟ್' ಎಂದೇ ಹೆಸರಿಟ್ಟಿತು.

ಚಲನೆಗೆ ಕಾರಣ ಇರಬೇಕು. ಮನೆಮಂದಿಯ ಫೋಟೋದಿಂದ ಅಜ್ಜಿಯ ಮುಖದ ಕಡೆಗೆ ನಿಧಾನವಾಗಿ ಹೋದರೆ ನೋಡುವವರಿಗೆ ಅಜ್ಜಿಯ ಕಥೆ ಬರುತ್ತದೆ ಎಂದು ತಿಳಿಯುತ್ತದೆ. ಆ್ಯಪ್‌ನಲ್ಲಿ ಇದೆಯೆಂದು ಪ್ರತಿ ಫೋಟೋವನ್ನೂ ತಿರುಗಿಸಿ, ಹೃದಯದ ಚಿತ್ರ ಹಾರಿಸಿದರೆ ಮುಖವೇ ಕಾಣುವುದಿಲ್ಲ.

ಸುತ್ತ ಕುಳಿತು ಕಲಿಯುವುದು

ಕಂಪ್ಯೂಟರ್ ಬಂದ ಮೇಲೆ ಎರಡು ದಾರಿಗಳಾದವು. 1987ರಲ್ಲಿ ಬಂದ ಪವರ್‌ಪಾಯಿಂಟ್ ಕಚೇರಿಯ ದಾರಿ ಹಿಡಿಯಿತು. ಗಾಜಿನ 'ಸ್ಲೈಡ್' ಎಂಬ ಹೆಸರು ಕಂಪ್ಯೂಟರಿನ ಪುಟಕ್ಕೆ ಅಂಟಿಕೊಂಡಿತು. ಇನ್ನೊಂದು ದಾರಿ ಮನೆಯ ಕಥೆಗಳದ್ದು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆ್ಯಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ಕಂಪ್ಯೂಟರ್ ಮುಟ್ಟದವರಿಗೂ ಫೋಟೋ ಕಥೆ ಕಲಿಸುವ ಶಿಬಿರ ಶುರು ಮಾಡಿದರು. ಅಲ್ಲಿ ಎಲ್ಲರೂ ಸುತ್ತ ಕುಳಿತು ತಮ್ಮ ಕಥೆ ಹೇಳಿಕೊಳ್ಳುತ್ತಾರೆ, ಉಳಿದವರು ಸಲಹೆ ಕೊಡುತ್ತಾರೆ. ಕಂಪ್ಯೂಟರ್ ಮುಂದೆ ಕೂರುವುದು ಆಮೇಲೆ.

ಇದನ್ನು ನೋಡಿ ಕಲಿತ ಡೇನಿಯಲ್ ಮೆಡೋಸ್ 2001ರಲ್ಲಿ ಬಿಬಿಸಿ ಜೊತೆ ಸೇರಿ ಬ್ರಿಟನ್ನಿನ ವೇಲ್ಸ್‌ನಲ್ಲಿ 'ಕ್ಯಾಪ್ಚರ್ ವೇಲ್ಸ್' ನಡೆಸಿದರು. ಊರೂರಿನ ಸಾಮಾನ್ಯ ಜನ ತಮ್ಮ ಫೋಟೋ, ತಮ್ಮ ದನಿಯಲ್ಲೇ ಕಥೆ ಹೇಳಿದರು. ಸುಮಾರು 250 ಪದ, ಹನ್ನೆರಡು ಫೋಟೋ, ಎರಡು ನಿಮಿಷ. ಇದು ಅವರ ಅಳತೆ. ನಮಗೂ ಒಳ್ಳೆಯ ಅಳತೆಯೇ.

ನಮ್ಮಲ್ಲೂ ಇಂಥ ಉದಾಹರಣೆ ಇದೆ. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಡಿಜಿಟಲ್ ಗ್ರೀನ್' ಯೋಜನೆಯಲ್ಲಿ ರೈತರದ್ದೇ ವಿಡಿಯೋ ಮಾಡಿ ಹಳ್ಳಿಗಳಲ್ಲಿ ತೋರಿಸಿದರು. ವಿಡಿಯೋ ಹಾಕಿ ಸುಮ್ಮನೆ ಕೂರುತ್ತಿರಲಿಲ್ಲ. ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ, ವಿವರಿಸುತ್ತಿದ್ದರು. ಮಾಯಾದೀಪದ ಪಕ್ಕ ನಿಂತು ಮಾತಾಡುತ್ತಿದ್ದವನ ಕೆಲಸವೇ ಇದು.

ಯಂತ್ರ ಸಾಯುತ್ತದೆ, ಎಚ್ಚರ

ಕೊಡಾಕ್ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಸುವುದನ್ನು ನಿಲ್ಲಿಸಿತು, 2009ರಲ್ಲಿ ಕೊಡಾಕ್ರೋಮ್ ಫಿಲಂ ನಿಲ್ಲಿಸಿತು. ಪತ್ರಿಕೆಗಳು ಇಂಟರ್ನೆಟ್ಟಿನಲ್ಲಿ ದನಿ ಸೇರಿಸಿದ ಫೋಟೋ ಕಥೆಗಳನ್ನು ಸಾವಿರಾರು ಮಾಡಿದ್ದವು. ಅವುಗಳಲ್ಲಿ ಹೆಚ್ಚಿನವು ಫ್ಲ್ಯಾಶ್ ಎಂಬ ತಂತ್ರಾಂಶದ ಮೇಲೆ ನಿಂತಿದ್ದವು. 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಬೆಂಬಲ ನಿಂತಿತು. ಬೇರೆ ರೂಪಕ್ಕೆ ಬದಲಿಸಿ ಇಡದವು ಬ್ರೌಸರಿನಲ್ಲಿ ತೆರೆಯುವುದನ್ನೇ ನಿಲ್ಲಿಸಿದವು. ಅದೇ ಹೊತ್ತಿಗೆ, ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ನೂರು ವರ್ಷದ ಗಾಜಿನ ಸ್ಲೈಡನ್ನು ಬೆಳಕಿಗೆ ಹಿಡಿದರೆ ಇವತ್ತೂ ಚಿತ್ರ ಕಾಣುತ್ತದೆ!

ಹಾಗಾಗಿ ಆ್ಯಪ್ ಒಳಗೇ ಸ್ಲೈಡ್‌ಶೋ ಬಿಡಬೇಡಿ, ಎಂಪಿ4 ವಿಡಿಯೋ ಆಗಿ ಉಳಿಸಿ. ಮೂಲ ಫೋಟೋಗಳನ್ನು ಬೇರೆ ಇಟ್ಟುಕೊಳ್ಳಿ, ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೋ ನೆಂಟರ ಫೋನಿನಲ್ಲೋ ಇರಲಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋದ ಗುಣಮಟ್ಟ ಇಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಆಲ್ಬಮ್‌ನ ಹಳೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆಯುವಾಗ ಫ್ಲ್ಯಾಶ್ ಬೇಡ. ಹಗಲು ಹೊತ್ತು ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಟ್ಟು ನೇರವಾಗಿ ಮೇಲಿನಿಂದ ತೆಗೆಯಿರಿ. ಪ್ಲಾಸ್ಟಿಕ್ ಹಾಳೆಗೆ ಅಂಟಿದ್ದರೆ ಕೀಳಬೇಡಿ, ಹಾಗೇ ತೆಗೆಯಿರಿ.

ಎಲ್ಲಕ್ಕಿಂತ ಅವಸರದ ಕೆಲಸ ಒಂದಿದೆ. ನಮ್ಮ ಮನೆಗಳ ಆಲ್ಬಮ್‌ಗಳಲ್ಲಿ ಇರುವವರ ಹೆಸರು ಫೋಟೋದ ಹಿಂದೆ ಬರೆದಿರುವುದಿಲ್ಲ. ಅದು ಗೊತ್ತಿರುವುದು ಮನೆಯ ಒಬ್ಬಿಬ್ಬರು ಹಿರಿಯರಿಗೆ ಮಾತ್ರ. ಅವರು ಹೋದರೆ ಫೋಟೋ ಉಳಿದೂ ಯಾರದೋ ಆಗಿಬಿಡುತ್ತದೆ. ಆಲ್ಬಮ್ ಅವರ ಮುಂದೆ ಇಟ್ಟು, ಫೋನಿನ ರೆಕಾರ್ಡರ್ ಒತ್ತಿ, "ಇವರು ಯಾರಜ್ಜಿ?" ಎಂದು ಒಂದೊಂದೇ ಕೇಳುತ್ತಾ ಹೋಗಿ. ಸಿನಿಮಾ ಹಾಡಿನ ಬದಲು ಆ ದನಿಯನ್ನೇ ಫೋಟೋಗಳ ಕೆಳಗೆ ಹಾಕಿ. ಜೋಡಿಸುವುದು ಬರದಿದ್ದರೆ ನಿಮ್ಮ ಊರಿನ ಆ ಹುಡುಗನನ್ನೋ ಹುಡುಗಿಯನ್ನೋ ಕೇಳಿ. ರೀಸ್‌ಗೂ ಮೊದಲು ಬರುತ್ತಿರಲಿಲ್ಲ, ಕೇಳಿಯೇ ಕಲಿತರು.