ಆಣೆವಾರಿಯಿಂದ ಗಣಕದವರೆಗೆ: ಹುಲಿಗಿ ಸೀಮೆಯ ಬೆಳೆ ಲೆಕ್ಕ

ಬೆಳೆಯ ಅಂದಾಜು ಬಹುಕಾಲ ಕಣ್ಣಳತೆಯದೇ ಆಗಿತ್ತು. ಕಂದಾಯ ಆಡಳಿತದ ಆಣೆವಾರಿ ಪದ್ಧತಿಯಲ್ಲಿ ಹದಿನಾರಾಣೆ ಎಂದರೆ ತುಂಬು ಬೆಳೆ, ಎಂಟಾಣೆ ಎಂದರೆ ಅರ್ಧ. ನಿಜಾಮರ ಕಾಲದ ಪಟವಾರಿ, ಅಂದರೆ ಊರಿನ ಲೆಕ್ಕಿಗ, ಪಹಣಿಯಲ್ಲಿ ಬೆಳೆಯ ಹೆಸರನ್ನೇನೋ ಬರೆಯುತ್ತಿದ್ದ; ಇಳುವರಿಯನ್ನು ತೂಗಿ ನೋಡುವ ಕ್ರಮ ಇರಲಿಲ್ಲ.

1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಮಹಾಲನೋಬಿಸ್, ಸುಖಾತ್ಮೆ, ಪಾನ್ಸೆ ಮೊದಲಾದವರು ಬೆಳೆ ಕಟಾವು ಪ್ರಯೋಗಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ಹೊಲವನ್ನು ಅಧಿಕಾರಿ ತನಗೆ ಬೇಕಾದಂತೆ ಆರಿಸುವ ಹಾಗಿಲ್ಲ, ಯಾದೃಚ್ಛಿಕ ಸಂಖ್ಯೆಯೇ ಆರಿಸಬೇಕು. ಹೊಲದೊಳಗಿನ ಜಾಗವೂ ಹಾಗೆಯೇ ಗೊತ್ತಾಗುತ್ತದೆ. ಅಲ್ಲಿ ಗೂಟ ನೆಟ್ಟು, ಹಗ್ಗ ಎಳೆದು, ಸಾಮಾನ್ಯವಾಗಿ 5 ಮೀಟರ್ ಉದ್ದಗಲದ ಚೌಕ ಗುರುತಿಸಿ, ಕೊಯ್ದು, ಬಡಿದು ತೂಗುತ್ತಾರೆ. ಒಂದು ಎಕರೆಯಲ್ಲಿ ಇಂಥ ಚೌಕಗಳು ಸುಮಾರು 162. ತೂಕದಲ್ಲಿ 100 ಗ್ರಾಂ ತಪ್ಪಿದರೆ ಎಕರೆಗೆ 16 ಕಿಲೋ ತಪ್ಪುತ್ತದೆ.

ಹುಲಿಗಿಯ ಪಕ್ಕದ ಮುನಿರಾಬಾದಿನಲ್ಲಿ 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟು ಎದ್ದು ನಿಂತ ಮೇಲೆ ಈ ಸೀಮೆಯ ಬೇಸಾಯ ಎರಡು ಬಗೆಯಾಯಿತು. ಎಡದಂಡೆ ಕಾಲುವೆಯ ಗಂಗಾವತಿಯಲ್ಲಿ ಭತ್ತ; ಕುಷ್ಟಗಿ, ಯಲಬುರ್ಗಾದಲ್ಲಿ ಮಳೆ ನಂಬಿದ ಜೋಳ, ಸಜ್ಜೆ, ಕಡಲೆ. ಎರಡಕ್ಕೂ ಬರೀ ಸರಾಸರಿ ತೆಗೆದರೆ ಒಣಬೇಸಾಯದ ಏರಿಳಿತವೆಲ್ಲ ಮುಚ್ಚಿಹೋಗುತ್ತದೆ. ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1977ರ ತಮ್ಮ ಪುಸ್ತಕದಲ್ಲಿ ಪ್ರಚುರಪಡಿಸಿದ ಪೆಟ್ಟಿಗೆ ನಕ್ಷೆಯಂಥ (ಬಾಕ್ಸ್ ಪ್ಲಾಟ್) ಚಿತ್ರ ಆ ಹರವನ್ನು ಒಂದೇ ನೋಟಕ್ಕೆ ತೋರಿಸುತ್ತದೆ.

ಅಂಥ ಚಿತ್ರ ಬಿಡಿಸುವ ತಂತ್ರಾಂಶ ಮೇಜಿನ ಮೇಲೆ ಬಂದದ್ದು ತಡವಾಗಿ. 1968ರಲ್ಲಿ ಹುಟ್ಟಿದ ಎಸ್‌ಪಿಎಸ್‌ಎಸ್ ಮೊದಲು ದೊಡ್ಡ ಗಣಕಗಳಲ್ಲಿ, ರಂಧ್ರ ಹೊಡೆದ ಕಾರ್ಡುಗಳ ಮೂಲಕ ನಡೆಯುತ್ತಿತ್ತು. ಪಿಸಿಗೆ ಇಳಿದದ್ದು 1984ರಲ್ಲಿ. ಕೃಷಿ ಸಂಶೋಧಕರಲ್ಲಿ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಎಂಸ್ಟ್ಯಾಟ್-ಸಿ ಬಳಕೆಗೆ ಬಂತು. ದೆಹಲಿಯ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆ ಸ್ಪಾರ್ ಎಂಬ ತಂತ್ರಾಂಶ ರೂಪಿಸಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಆರ್ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರವರಿ 29ರಂದು ಹೊರಬಂತು. ಅದು ಎಲ್ಲರಿಗೂ ಉಚಿತ. ಬಡ ಸಂಸ್ಥೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆರ್‌ನಲ್ಲಿ ಎರಡು ಸಂಖ್ಯಾಶಾಸ್ತ್ರೀಯ ಮಾದರಿಗಳನ್ನು ಹೋಲಿಸುವಾಗ ‘ರಾವ್’ ಎಂಬ ಆಯ್ಕೆಯೊಂದಿದೆ. ಅದು 1948ರಲ್ಲಿ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕೊಟ್ಟ ಪರೀಕ್ಷೆ. ಅವರು 1920ರಲ್ಲಿ ಹುಟ್ಟಿದ್ದು ಇದೇ ತುಂಗಭದ್ರೆಯ ಸೀಮೆಯ ಹೂವಿನ ಹಡಗಲಿಯಲ್ಲಿ.

2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆ ಕಟಾವಿನ ಈ ಲೆಕ್ಕ ನೇರವಾಗಿ ರೈತನ ಪರಿಹಾರಕ್ಕೆ ತಳುಕು ಹಾಕಿಕೊಂಡಿದೆ. ಒಂದು ಗ್ರಾಮ ಪಂಚಾಯಿತಿಯ ಪ್ರಮುಖ ಬೆಳೆಯೊಂದಕ್ಕೆ ಕನಿಷ್ಠ 4 ಕಟಾವು ಪ್ರಯೋಗ ಆಗಬೇಕು. ಅವುಗಳ ಸರಾಸರಿ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ ಇಳುವರಿ ನಷ್ಟದ ವಿಮೆ ಕೈಸೇರುತ್ತದೆ. ಗೂಟವನ್ನು ತಪ್ಪು ಜಾಗದಲ್ಲಿ ನೆಟ್ಟಿದ್ದರೆ ಯಾವ ತಂತ್ರಾಂಶವೂ ಆ ತಪ್ಪನ್ನು ತಿದ್ದಲಾರದು.