ಎದುರಿನವನ ಕೈಯಲ್ಲಿ ಏನದ? ಇಸ್ಪೀಟಿನಲ್ಲಿ ತಡೆಯೋ ಆಟದ ಕಥೆ

(1/5)
ನಮ್ಮ ಮಸರಕಲ್ ಕಡೆ ಇಸ್ಪೀಟ್ ಅಂದ್ರ ಮೊದಲು ನೆನಪಾಗೋದು ಪೊಲೀಸ್ ದಾಳಿ. ಇಷ್ಟು ಮಂದಿ ವಶಕ್ಕೆ, ಇಷ್ಟು ನಗದು, 52 ಎಲೆ ಜಪ್ತಿ ಅಂತ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು. ಮನೆಯಲ್ಲಿ ಎಲೆ ಹಿಡಿದ್ರ ಅವ್ವನ ಬೈಗುಳ ಗ್ಯಾರಂಟಿ. ಅವ್ವ ಬೈಯೋದರಲ್ಲಿ ತಪ್ಪೇನಿಲ್ಲ, ಎಲೆ ಹಿಡಿದು ಹೊಲ ಕಳಕೊಂಡವರ ಕಥೆ ಆಕೆಗೆ ನಮಗಿಂತ ಹೆಚ್ಚು ಗೊತ್ತು.

ಆದ್ರ ಅಂದರ್ ಬಾಹರ್ ಆಡೋ ಅದೇ 52 ಎಲೆಗಳಲ್ಲಿ ಇನ್ನೊಂದು ವಿದ್ಯೆ ಅದ. ಗೆಲ್ಲಲು ಹೊರಟವನನ್ನು ತಡೆಯೋ ವಿದ್ಯೆ. ಬ್ರಿಡ್ಜ್ ಆಡುವವರು ಇದಕ್ಕೆ ಡಿಫೆನ್ಸ್ ಅಂತಾರ, ಆ ಆಟದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದೇ ಅಂತಲೂ ಅಂತಾರ. ನಮ್ಮ ಇತಿಹಾಸ ಸರಣಿಯಲ್ಲಿ ಈ ಸಲ ಅದರದ್ದೇ ಮಾತು.

(2/5)
ಮೊದಲು ಗಂಜೀಫಾ. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹ ಕಾದಾಡಿದ್ದು 1520ರಲ್ಲಿ. ಅದಾಗಿ ಏಳು ವರ್ಷಕ್ಕೆ, 1527ರಲ್ಲಿ, ಸಿಂಧ್ ಪ್ರಾಂತದ ಶಾಹ್ ಹಸನ್‌ಗೆ ಗಂಜೀಫಾ ಎಲೆ ಕಳಿಸಿಕೊಟ್ಟೆ ಅಂತ ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಾನ. ದುಂಡನೆಯ ಎಲೆಗಳು, ಎಂಟು ಬಣ್ಣ, ಬಣ್ಣಕ್ಕೆ 12, ಒಟ್ಟು 96. ಮೂರು ಮಂದಿಗೆ ತಲಾ 32. ಇದರಲ್ಲೊಂದು ತಿರುವು ಅದ: ನಾಲ್ಕು ಬಣ್ಣಗಳಲ್ಲಿ ರಾಜ, ಮಂತ್ರಿ ಆದ ಮೇಲೆ 10 ದೊಡ್ಡದು, ಉಳಿದ ನಾಲ್ಕರಲ್ಲಿ 1 ದೊಡ್ಡದು. ತುರುಪು ಇಲ್ಲ, ಜೊತೆಗಾರನೂ ಇಲ್ಲ. ಯಾವ ಎಲೆ ಹೋಯ್ತು, ಯಾವುದು ಇನ್ನೂ ಉಳಿದದ ಅಂತ ತಲೆಯಲ್ಲಿ ಇಟ್ಟುಕೊಂಡವನಷ್ಟೇ ಎದುರಿನವನನ್ನು ನಿಲ್ಲಿಸಬಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 96 ಸಾಲಲಿಲ್ಲ. ಅವರು ತಾವೇ ‘ಚದ’ ಅನ್ನೋ ಎಲೆ ಆಟಗಳನ್ನು ರೂಪಿಸಿದರು, 36 ಎಲೆಯಿಂದ ಹಿಡಿದು 360 ಎಲೆವರೆಗೆ. ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರ ಸಿಗ್ತದ. 360 ಎಲೆ ನೆನಪಿಟ್ಟು ಆಡೋದು ಅರಮನೆಯಲ್ಲಿ ಬಿಡುವು ಇದ್ದವರಿಗೆ ಮಾತ್ರ ಸಾಧ್ಯ ಅಂತ ನನ್ನ ಅನಿಸಿಕೆ, ಆ ಮಾತು ಬ್ಯಾರೆ.

(3/5)
ಇತ್ತ ಇಂಗ್ಲೆಂಡಿನಲ್ಲಿ ವಿಸ್ಟ್ ಅನ್ನೋ ಆಟ. 52 ಎಲೆ, ನಾಲ್ವರು, ಎದುರುಬದುರು ಕೂತವರು ಜೋಡಿ. ಇದೇ ಮುಂದೆ ಬ್ರಿಡ್ಜ್ ಆಯ್ತು. 1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಹಡಗು ಪ್ರಯಾಣದಲ್ಲಿದ್ದಾಗ ಅದಕ್ಕೆ ಹೊಸ ಲೆಕ್ಕ ಕೂಡಿಸಿದ. ಇವತ್ತು ಆಡೋ ಕಾಂಟ್ರ್ಯಾಕ್ಟ್ ಬ್ರಿಡ್ಜ್ ಅದೇ. ಒಂದು ಜೋಡಿ ‘ಇಷ್ಟು ಸುತ್ತು ಗೆಲ್ತೀವಿ’ ಅಂತ ಸವಾಲು ಕೂಗ್ತದ, ಇನ್ನೊಂದು ಜೋಡಿ ತಡೀಬೇಕು. ತಡೆಯೋರಲ್ಲಿ ಒಬ್ಬ ಮೊದಲ ಎಲೆ ಹಾಕ್ತಾನ, ಏನೂ ಕಾಣದಂಗ, ತನ್ನ 13 ಎಲೆ ನೋಡಿಕೊಂಡಷ್ಟೇ. ಆಮೇಲೆ ಸವಾಲು ಹಾಕಿದವನ ಜೊತೆಗಾರ ತನ್ನ 13 ಎಲೆಗಳನ್ನು ಮೇಜಿನ ಮೇಲೆ ತೆರೆದಿಡ್ತಾನ. ಅಂದ್ರ ತಡೆಯೋನಿಗೆ 26 ಎಲೆ ಕಾಣ್ತವ, 26 ಕಾಣಲ್ಲ.

ವಿಸ್ಟ್ ಕಾಲದಿಂದ ಬಂದ ಗಾದೆಯಂಥ ಮಾತು ಒಂದದ: ಎರಡನೇ ಕೈ ಚಿಕ್ಕದು, ಮೂರನೇ ಕೈ ದೊಡ್ಡದು. ಹೊಸಬರು ಇದನ್ನ ಕಣ್ಣು ಮುಚ್ಚಿ ಪಾಲಿಸ್ತಾರ. ಇದನ್ನ ಯಾವಾಗ ಮುರೀಬೇಕು ಅಂತ ತಿಳಿಯೋದೇ ಡಿಫೆನ್ಸ್. 19ನೇ ಶತಮಾನದ ಕೊನೆಗೆ ಆರ್.ಎಫ್. ಫಾಸ್ಟರ್ ಅನ್ನೋವನು ಅದಕ್ಕೊಂದು ಲೆಕ್ಕ ಕೊಟ್ಟ. ಜೊತೆಗಾರ ತನ್ನ ಉದ್ದನೆ ಬಣ್ಣದಲ್ಲಿ ಮೇಲಿಂದ ನಾಲ್ಕನೇ ಎಲೆ ಹಾಕೋ ರೂಢಿ ಇದ್ರ, ಆ ಎಲೆಯ ಅಂಕಿಯನ್ನು 11ರಿಂದ ಕಳೀರಿ. ಉಳಿದದ್ದು, ಅದಕ್ಕಿಂತ ದೊಡ್ಡ ಎಲೆಗಳು ಬಾಕಿ ಮೂವರ ಕೈಯಲ್ಲಿ ಎಷ್ಟು ಅಂತ.

ಲೆಕ್ಕ ಮಾಡಿ ನೋಡ್ರಿ. ತುರುಪು ಇಲ್ಲದ ಆಟ, ಜೊತೆಗಾರ 7 ಹಾಕಿದ. 11ರಲ್ಲಿ 7 ಹೋದ್ರ 4. ತೆರೆದಿಟ್ಟ ಕೈಯಲ್ಲಿ ಆ ಬಣ್ಣದ ರಾಣಿ, 8, 3. ನಿಮ್ಮ ಹತ್ರ ರಾಜ, 9, 4. ಏಳಕ್ಕಿಂತ ದೊಡ್ಡವು ಅಲ್ಲಿ ಎರಡು, ನಿಮ್ಮಲ್ಲಿ ಎರಡು. ನಾಲ್ಕೂ ಮುಗಿದ್ವು! ಸವಾಲು ಹಾಕಿದವನ ಹತ್ರ ಏಳನ್ನು ಮೀರಿಸೋ ಒಂದೂ ಎಲೆ ಇಲ್ಲ. ತೆರೆದ ಕೈಯಿಂದ 3 ಬಿದ್ರ, ನೀವು ಮೂರನೇ ಕೈ ಅಂತ ರಾಜನನ್ನ ಇಳಿಸಬೇಕಾಗಿಲ್ಲ. ಬರೇ 4 ಹಾಕಿದ್ರೂ ಜೊತೆಗಾರನ 7ಕ್ಕೇ ಸುತ್ತು ಬರ್ತದ. ಅವನ ಕೈಯಲ್ಲಿ ಎಕ್ಕ, ಗುಲಾಮ, 10 ಅದಾವ ಅನ್ನೋದೂ ಅದೇ ಲೆಕ್ಕದಿಂದ ಹೊರಬಂತು. ಯಾರೂ ಬಾಯಿ ಬಿಡಲಿಲ್ಲ, ಯಾರ ಕೈಯನ್ನೂ ಇಣುಕಿ ನೋಡಲಿಲ್ಲ.

(4/5)
ಬಾಯಿ ಬಿಡದೇ ಮಾತಾಡೋದು ಹೆಂಗ ಅನ್ನೋದು ಹಳೇ ಪ್ರಶ್ನೆ. ಲಂಡನ್ನಿನ ವಿಸ್ಟ್ ಮಂದಿ ಒಂದು ಉಪಾಯ ಕಂಡುಕೊಂಡಿದ್ರು: ಸುಮ್ಮನೆ ದೊಡ್ಡ ಎಲೆ ಮೊದಲು, ಚಿಕ್ಕದು ಆಮೇಲೆ ಹಾಕಿದ್ರ ‘ತುರುಪು ಆಡು’ ಅಂತ ಅರ್ಥ. ಹಡಗು ಹೊರಡುವಾಗ ಏರಿಸೋ ಬಾವುಟದ ಹೆಸರನ್ನೇ ಇದಕ್ಕೂ ಇಟ್ಟರು, ಬ್ಲೂ ಪೀಟರ್. ಬ್ರಿಡ್ಜ್‌ನಲ್ಲಿ ಇಂಥ ಸಂಕೇತಕ್ಕೆ ಈಗಲೂ ಅನುಮತಿ ಅದ. ಆದ್ರ ಎರಡು ಷರತ್ತು: ಹಾಕೋ ಎಲೆಯಿಂದಷ್ಟೇ ಹೇಳಬೇಕು, ಮತ್ತು ಅದರ ಅರ್ಥ ಏನು ಅಂತ ಎದುರಾಳಿ ಕೇಳಿದ್ರ ಮುಚ್ಚಿಡಂಗಿಲ್ಲ. ಗುಟ್ಟಿನ ಭಾಷೆ ನಡೆಯಲ್ಲ.

ನಮ್ಮ ಕಟ್ಟಿ ಮೇಲೆ ಜೋಡಿ ಆಟ ಕೂತಾಗ ಹುಬ್ಬು ಹಾರಿಸೋದು, ಕೆಮ್ಮೋದು ಇರ್ತದಲ್ಲ, ಅದು ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. 1975ರ ವಿಶ್ವ ಚಾಂಪಿಯನ್‌ಶಿಪ್ ಬರ್ಮುಡಾದಲ್ಲಿ. ಜೊತೆಗಾರರು ಮುಖ ನೋಡಬಾರದು ಅಂತ ಅಲ್ಲೇ ಮೊದಲ ಸಲ ಮೇಜಿನ ಮೇಲೆ ಅಡ್ಡ ಪರದೆ ಹಾಕಿದ್ರು. ಆಗ ಇಟಲಿಯ ಒಂದು ಜೋಡಿ ಮೇಜಿನ ಕೆಳಗ ಕಾಲು ತಾಗಿಸಿ ಸನ್ನೆ ಮಾಡ್ತಾರ ಅನ್ನೋ ಆರೋಪ ಬಂತು! ಆ ಜೋಡಿಗೆ ಛೀಮಾರಿ ಹಾಕಿದರು. ಕಾಲಿಗೂ ಅಡ್ಡ ಇಟ್ಟರು.

(5/5)
ಇನ್ನು ಕೋರ್ಟಿನ ಮಾತು. ನಮ್ಮ ಜಿಲ್ಲೆಗೂ ಇದಕ್ಕೂ ನಂಟದ. ಫಸಲಿ 1305ರಲ್ಲಿ, ಅಂದ್ರ 1890ರ ದಶಕದ ನಡುವೆ, ನಿಜಾಮನ ರಾಜ್ಯದಲ್ಲಿ ಹೈದರಾಬಾದ್ ಜೂಜು ಕಾಯ್ದೆ ಬಂತು. ಆಗ ರಾಯಚೂರು ಅದೇ ರಾಜ್ಯದ್ದು. ಮುಂದೆ 1963ರಲ್ಲಿ ಪೊಲೀಸರು ಸಿಕಂದರಾಬಾದ್‌ನ ಒಂದು ಕ್ಲಬ್ ಮೇಲೆ ಇದೇ ಕಾಯ್ದೆ ಹಿಡಿದು ದಾಳಿ ಮಾಡಿದರು, ರಮ್ಮಿ ಆಡ್ತಿದ್ದರು ಅಂತ. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು: ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ.

1967ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ತೀರ್ಪು ಬರೆದರು. ಮೂರೆಲೆ ಆಟ ಬರೇ ಅದೃಷ್ಟ. ರಮ್ಮಿ ಹಂಗಲ್ಲ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನ ಹಿಡೀಬೇಕು, ಯಾವುದನ್ನ ಬಿಡಬೇಕು ಅಂತ ಯೋಚಿಸಬೇಕು, ಹಾಗಾಗಿ ಅದು ಮುಖ್ಯವಾಗಿ ಕೌಶಲದ ಆಟ. ಎಲೆ ಹಂಚುವಾಗ ಬರೋ ಅದೃಷ್ಟ ಬ್ರಿಡ್ಜ್‌ನಲ್ಲೂ ಇರ್ತದ ಅಂತ ಹೋಲಿಕೆ ಕೊಟ್ಟರು. ತಡೆ ಆಟಗಾರ ಮೇಜಿನ ಮುಂದೆ ಮಾಡೋ ಕೆಲಸವನ್ನೇ ಕೋರ್ಟು ಅಳತೆಗೋಲು ಮಾಡಿಕೊಂಡಿತು.

ಆದ್ರ ಇದನ್ನ ಅವ್ವನ ಮುಂದೆ ಓದಿ ರಮ್ಮಿ ಆ್ಯಪ್ ತೆರೀಬ್ಯಾಡ್ರಿ. ಆಟದಿಂದ ಅಡ್ಡೆಯವನು ಲಾಭ ತಿಂದ್ರ ಅಪರಾಧ ಆಗಬಹುದು ಅಂತ ಅದೇ ತೀರ್ಪಿನಲ್ಲಿ ಅದ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲಂತೂ ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡೋದಕ್ಕೆ ಕೌಶಲದ ನೆಪವೂ ನಡೆಯಲ್ಲ. ದುಡ್ಡಿಲ್ಲದೆ ಆಡಿದವರು ಎಲ್ಲಿ ಮುಟ್ಟಿದರು ಅಂತೀರಾ? 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಬ್ರಿಡ್ಜ್ ಮೊದಲ ಸಲ ಬಂತು, ಪುರುಷರ ಜೋಡಿ ವಿಭಾಗದ ಚಿನ್ನ ಭಾರತಕ್ಕೆ. ಪ್ರಣಬ್ ಬರ್ಧನ್‌ಗೆ ಆಗ 60 ವರ್ಷ, ಶಿಬನಾಥ್ ಸರ್ಕಾರ್‌ಗೆ 56.

ನಿಮ್ಮೂರಲ್ಲಿ ಎಲೆಯ ನಾಲ್ಕು ಬಣ್ಣಗಳಿಗೆ ಏನಂತ ಕರೀತಾರ? ದೇವದುರ್ಗ, ಮಾನ್ವಿ ಕಡೆಯವರು ಅಜ್ಜಂದಿರನ್ನ ಕೇಳಿ ಬರೀರಿ.

#ಮಸರಕಲ್ #ರಾಯಚೂರು #ಇಸ್ಪೀಟ್ #ಗಂಜೀಫಾ