ಬಳೆ ಏರದ ಕೈ

ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾಗಿ ಬದುಕಿ ಉಳಿದ ಹಿರಿಯ ಹೆಂಗಸರನ್ನು ನಾವು ಕಂಡಿದ್ದೇವೆ. ಕೆಲವರ ಒಂದು ಕೈ ಊದಿಕೊಂಡು ಬಳೆ ಏರದಂತಾಗಿರುತ್ತಿತ್ತು. ಅದು ರೋಗದ ಗುರುತೆಂದೇ ನಾವು ತಿಳಿದಿದ್ದೆವು. ನಿಜವಾಗಿ ಅದು ಬಹುಮಟ್ಟಿಗೆ ಚಿಕಿತ್ಸೆಯ ಗುರುತು.

ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ 50 ರೋಗಿಗಳ ವಿವರ ಪ್ರಕಟಿಸಿದರು. ಸ್ತನ, ಅದರಡಿಯ ಸ್ನಾಯು, ಕಂಕುಳಿನ ದುಗ್ಧಗ್ರಂಥಿಗಳು (ಕೈಗೆ ಹುಣ್ಣಾದಾಗ ಕಂಕುಳಲ್ಲಿ ಗಂಟಾಗಿ ಸಿಗುತ್ತವಲ್ಲ, ಅವೇ) ಎಲ್ಲವನ್ನೂ ಒಟ್ಟಿಗೆ ತೆಗೆಯುವುದು ಅವರ ಕ್ರಮ. ರೋಗ ಮೊದಲು ಈ ಗ್ರಂಥಿಗಳನ್ನು ಹಿಡಿದು, ಆಮೇಲೆ ಮುಂದಕ್ಕೆ ಸಾಗುತ್ತದೆಂದು ಅವರು ನಂಬಿದ್ದರು. ಆದರೆ ಕೈಯ ದುಗ್ಧರಸ ಹರಿದುಹೋಗುವುದೂ ಆ ದಾರಿಯಲ್ಲೇ. ದಾರಿ ಕಟ್ಟಿದರೆ ಕೈ ಊದದೆ ಇದ್ದೀತೆ? ಈ ಊತದ ಬಗ್ಗೆ ಸ್ವತಃ ಹಾಲ್‌ಸ್ಟೆಡ್ಡರೇ 1921ರಲ್ಲಿ ಬರೆದರು. ಆದರೂ ಕ್ರಮ ದಶಕಗಳ ಕಾಲ ಮುಂದುವರಿಯಿತು.

ಗ್ರಂಥಿಯಲ್ಲಿ ರೋಗವಿದೆಯೇ ಎಂದು ಹೊರಗಿನಿಂದ ಅರಿಯಲು ವೈದ್ಯರಿಗಿದ್ದದ್ದು ಬೆರಳೊಂದೇ. ಅದನ್ನು ಎಷ್ಟು ನಂಬಬಹುದು? ಬರ್ನಾರ್ಡ್ ಫಿಶರ್ 1971ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ಬೆರಳಿಗೆ ಏನೂ ಸಿಗದ ಹೆಂಗಸರ ಗ್ರಂಥಿಗಳನ್ನು ತೆಗೆದು ನೋಡಿದಾಗ ನೂರಕ್ಕೆ ಸುಮಾರು 40 ಮಂದಿಯಲ್ಲಿ ರೋಗವಿತ್ತು! ಅದಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ, ಗ್ರಂಥಿಗಳನ್ನು ಮುಟ್ಟದೆ ಬಿಟ್ಟವರೂ ತೆಗೆಸಿಕೊಂಡವರಷ್ಟೇ ಕಾಲ ಬದುಕಿದರು. 2002ರಲ್ಲಿ ಪ್ರಕಟವಾದ 25 ವರ್ಷಗಳ ಲೆಕ್ಕವೂ ಅದನ್ನೇ ಹೇಳಿತು. ಹಾಲ್‌ಸ್ಟೆಡ್ಡರ ನಂಬಿಕೆಯ ಬುಡವೇ ಅಲುಗಿತು.

1990ರ ದಶಕದಲ್ಲಿ ನೀಲಿ ಬಣ್ಣವನ್ನೋ ವಿಕಿರಣ ವಸ್ತುವನ್ನೋ ಚುಚ್ಚಿ, ರಸ ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ಉಪಾಯ ಬಂತು. ಕೈ ಊದುವುದು ಬಹಳ ಕಡಿಮೆಯಾಯಿತು. ಆದರೆ ಅದೂ ಕತ್ತಿಯ ಕೆಲಸವೇ.

ಕತ್ತಿಯಿಲ್ಲದೆ ನೋಡುವ ಸಾಧನ, ಬಸುರಿಯರಿಗೆ ಪರಿಚಯವಿರುವ ಅಲ್ಟ್ರಾಸೌಂಡ್. ಆರೋಗ್ಯವಾದ ಗ್ರಂಥಿ ಅದರಲ್ಲಿ ಅಲಸಂದೆ ಕಾಳಿನಂತೆ ಕಾಣುತ್ತದೆ: ಅಂಚು ತೆಳು, ನಡುವೆ ಕೊಬ್ಬಿನ ಬಿಳುಪು. ರೋಗ ಹೊಕ್ಕರೆ ಅಂಚು ದಪ್ಪವಾಗಿ ಕಾಳು ಗುಂಡಗಾಗುತ್ತದೆ. ಇಟಲಿಯ ಮಿಲಾನ್ ನಗರದ ವೈದ್ಯರು 2012ರಲ್ಲಿ ಒಂದು ಪರೀಕ್ಷೆ ಆರಂಭಿಸಿದರು. ಗೆಡ್ಡೆ 2 ಸೆಂಟಿಮೀಟರ್ ಮೀರದ, ಅಲ್ಟ್ರಾಸೌಂಡಿನಲ್ಲಿ ಕಂಕುಳು ಶುದ್ಧವಾಗಿ ಕಂಡ 1,405 ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕಂಕುಳನ್ನು ಮುಟ್ಟಲೇ ಇಲ್ಲ. 2023ರಲ್ಲಿ ಫಲಿತಾಂಶ ಬಂತು: ಐದು ವರ್ಷಗಳ ನಂತರ ರೋಗ ದೂರದ ಅಂಗಗಳಿಗೆ ಹರಡದೆ ಉಳಿದವರು ಗ್ರಂಥಿ ತೆಗೆದವರಲ್ಲಿ ನೂರಕ್ಕೆ 97.7, ತೆಗೆಯದವರಲ್ಲಿ 98.0. ಚಿತ್ರಕ್ಕೂ ಎಲ್ಲ ಕಾಣುವುದಿಲ್ಲವೆನ್ನಿ. ಗ್ರಂಥಿ ತೆಗೆದವರಲ್ಲಿ ನೂರಕ್ಕೆ 13.7 ಮಂದಿಗೆ ಅದು ತೋರದ ರೋಗವಿತ್ತು.

ಗೆಡ್ಡೆ ದೊಡ್ಡದಿದ್ದರೆ, ಅಂಚು ದಪ್ಪವೆನಿಸಿದರೆ ಮಾತು ಬೇರೆ. ಅಲ್ಲಿ ಸೂಜಿಯೂ ಬೇಕಾಗುತ್ತದೆ, ಕೆಲವೊಮ್ಮೆ ಕತ್ತಿಯೂ.